ಓವರ್‌ಡ್ರೈವ್ ಬೀಳುತ್ತಿಲ್ಲವೇ? ಗೇರ್‌ಬಾಕ್ಸ್ ಇಳಿಸುವ ಮುಂಚೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ

1950ರ ದಶಕದ ಫೋರ್ಡ್ ಎಫ್-100, ಸ್ಟುಡಿಬೇಕರ್, ಷೆವ್ರೊಲೆಯಂಥ ಅರ್ಧ ಟನ್ ಪಿಕಪ್‌ಗಳಲ್ಲಿ ಕೇಳಿ ಹಾಕಿಸಿಕೊಂಡವರಿಗೆ ಮೂರು ಗೇರಿನ ಡಬ್ಬಿಯ ಬೆನ್ನಿಗೆ ಬೋರ್ಗ್ ವಾರ್ನರ್ ಕಂಪನಿಯ ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುವಂತೆ ಮಾಡುವ ಹೆಚ್ಚುವರಿ ಗೇರು) ಕೂಡಿಸಿಕೊಡುತ್ತಿದ್ದರು. ಅಂಥ ಗಾಡಿ ಹುಬ್ಬಳ್ಳಿ-ಧಾರವಾಡದ ಗ್ಯಾರೇಜಿಗೆ ಬಂದರೆ ಮೊದಲ ತೀರ್ಪು ಸಾಮಾನ್ಯವಾಗಿ ಒಂದೇ: ‘ಗೇರ್‌ಬಾಕ್ಸ್ ಹೋಗೇತ್ರಿ, ಇಳಸಬೇಕು.’ ಬಹುತೇಕ ಸಲ ಗೇರ್‌ಬಾಕ್ಸ್ ಹೋಗಿರುವುದಿಲ್ಲ. ಹೋಗಿರುವುದು ಅರ್ಥಿಂಗ್, ಇಲ್ಲವೇ ಕಪ್ಪು ಹಿಡಿದ ಒಂದು ಪಾಯಿಂಟು (ಕರೆಂಟ್ ಕೂಡಿಸಿ ಬಿಡಿಸುವ ಲೋಹದ ತುದಿ), ಇಲ್ಲವೇ ಇಲಿ ಕಡಿದ ವೈರು. ಡಬ್ಬಿ ಇಳಿಸಿ ಏರಿಸಲು ಎರಡು ದಿನ ಬೇಕು. ವೈರಿಂಗ್ ಪರೀಕ್ಷೆಗೆ ಅರ್ಧ ಗಂಟೆ ಸಾಕು, ಅದೂ ಒಂದು ಬಲ್ಬು, ಎರಡು ತುಂಡು ವೈರು ಇದ್ದರೆ.

ಇದು ಕೆಲಸ ಮಾಡುವ ಬಗೆ

ಒಳಗಿರುವುದು ಒಂದು ಸಣ್ಣ ಗ್ರಹಗೇರಿನ ಜೋಡಣೆ. ನಡುವೆ ಸನ್ ಗೇರ್, ಸುತ್ತ ಪಿನಿಯನ್ನುಗಳ ಕ್ಯಾರಿಯರ್, ಹೊರಗೆ ರಿಂಗ್ ಗೇರ್. ಡಬ್ಬಿಯಿಂದ ಬರುವ ಶಾಫ್ಟ್ ಕ್ಯಾರಿಯರನ್ನು ತಿರುಗಿಸುತ್ತದೆ, ರಿಂಗ್ ಗೇರ್ ಹಿಂದಿನ ಶಾಫ್ಟಿಗೆ ಸೇರಿದೆ. ಸನ್ ಗೇರ್ ಬಿಡುವಾಗಿದ್ದರೆ ಈ ಗೇರುಗಳಿಗೆ ಕೆಲಸವಿಲ್ಲ. ಆಗ ಶಕ್ತಿ ಸೈಕಲ್ಲಿನ ಫ್ರೀವೀಲಿನಂಥದೇ ಒಂದು ರೋಲರ್ ಕ್ಲಚ್ ಮೂಲಕ ನೇರ ಹಿಂದಕ್ಕೆ ಹೋಗುತ್ತದೆ. ಸನ್ ಗೇರನ್ನು ಒಂದು ಚಿಲಕ ಅಡ್ಡ ಬಂದು ತಡೆದು ನಿಲ್ಲಿಸಿತೋ, ರಿಂಗ್ ಗೇರ್ ಕ್ಯಾರಿಯರಿಗಿಂತ ಜೋರಾಗಿ ಸುತ್ತುತ್ತದೆ. ಅನುಪಾತ 0.70. ಅದೇ ವೇಗಕ್ಕೆ 3000 ಸುತ್ತು ಸುತ್ತುತ್ತಿದ್ದ ಎಂಜಿನ್‌ಗೆ 2100 ಸುತ್ತು ಸಾಕಾಗುತ್ತದೆ.

ಆ ಚಿಲಕವನ್ನು ದೂಡುವುದು ಸೊಲೆನಾಯ್ಡ್, ಅಂದರೆ ಕರೆಂಟ್ ಕೊಟ್ಟರೆ ಒಳಗಿನ ಕಡ್ಡಿ ಸರಿಸುವ ಕಾಯಿಲು. ಕರೆಂಟಿನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಆ ಒಂದು ದೂಡುವಿಕೆಗೆ ನಾಲ್ಕು ಸಾಮಾನು ಒಪ್ಪಬೇಕು.

ಗವರ್ನರ್ ಡಬ್ಬಿಯ ಹಿಂಭಾಗದಲ್ಲಿ ಸ್ಕ್ರೂ ಆಗಿ ಕೂತಿರುತ್ತದೆ, ಔಟ್‌ಪುಟ್ ಶಾಫ್ಟಿನಿಂದ ತಿರುಗುತ್ತದೆ. ಗಾಡಿ ಗಂಟೆಗೆ ಸುಮಾರು 45 ಕಿಲೋಮೀಟರ್ ಮುಟ್ಟಿದಾಗ ಅದರ ಪಾಯಿಂಟು ಕೂಡಿ ವೈರಿಗೆ ಅರ್ಥ್ ಕೊಡುತ್ತದೆ. ವೇಗ 35ರ ಆಸುಪಾಸಿಗೆ ಇಳಿದಾಗ ಬಿಡುತ್ತದೆ. ಈ ಹತ್ತು ಕಿಲೋಮೀಟರ್ ಅಂತರ ಬೇಕೆಂದೇ ಇಟ್ಟದ್ದು, ಇಲ್ಲವಾದರೆ 45ರಲ್ಲಿ ಓಡುವ ಗಾಡಿ ನಿಮಿಷಕ್ಕೆ ಹತ್ತು ಸಲ ಬಿದ್ದು ಎದ್ದು ಮಾಡುತ್ತದೆ.

ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್. ಅದಕ್ಕೆ ನಾಲ್ಕು ಟರ್ಮಿನಲ್. ಒಂದಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬರುವ ದಪ್ಪ ವೈರು, ಒಂದರಿಂದ ಸೊಲೆನಾಯ್ಡಿಗೆ ಹೋಗುವ ದಪ್ಪ ವೈರು. ಉಳಿದೆರಡು ರಿಲೇ ಕಾಯಿಲಿನವು: ಒಂದಕ್ಕೆ ಇಗ್ನಿಷನ್ ಕೀಲಿಯಿಂದ ಕರೆಂಟ್, ಇನ್ನೊಂದು ಕಿಕ್‌ಡೌನ್ ಸ್ವಿಚ್ ದಾಟಿ ಗವರ್ನರಿಗೆ. ಗವರ್ನರ್ ಅರ್ಥ್ ಕೊಟ್ಟ ಕೂಡಲೇ ರಿಲೇ ಕೂಡುತ್ತದೆ.

ಕಿಕ್‌ಡೌನ್ ಸ್ವಿಚ್ ಆಕ್ಸಿಲೇಟರ್ ಪೆಡಲ್ ಹತ್ತಿರವೋ ಕಾರ್ಬ್ಯುರೇಟರ್ ಲಿಂಕಿನ ಬಳಿಯೋ ಇರುತ್ತದೆ. ಇದರೊಳಗೆ ಎರಡು ಜೋಡಿ ಪಾಯಿಂಟು. ಒಂದು ಜೋಡಿ ಸದಾ ಕೂಡಿರುತ್ತದೆ, ಗವರ್ನರ್ ವೈರು ಇದರ ಮೂಲಕ ಹೋಗುತ್ತದೆ. ಇನ್ನೊಂದು ಜೋಡಿ ಸದಾ ಬಿಟ್ಟಿರುತ್ತದೆ, ಪೆಡಲನ್ನು ನೆಲಕ್ಕೆ ತುಳಿದಾಗ ಮಾತ್ರ ಕೂಡುತ್ತದೆ. ಈ ಎರಡನೇ ಜೋಡಿಯ ಒಂದು ತುದಿ ಇಗ್ನಿಷನ್ ಕಾಯಿಲಿನ ಪಾಯಿಂಟ್ ಬದಿಗೆ, ಇನ್ನೊಂದು ತುದಿ ಸೊಲೆನಾಯ್ಡಿನ 6ನೇ ಟರ್ಮಿನಲ್ಲಿಗೆ.

ಸೊಲೆನಾಯ್ಡಿಗೆ ಟರ್ಮಿನಲ್ ಎರಡು: 4 ಮತ್ತು 6. 4ಕ್ಕೆ ರಿಲೇಯಿಂದ ಬಂದ ಕರೆಂಟ್. 6ಕ್ಕೆ ಕರೆಂಟ್ ಕೊಡುವುದಲ್ಲ. ಸೊಲೆನಾಯ್ಡ್ ಎಳೆದಾಗ, ಅಂದರೆ ಕರೆಂಟ್ ಹಿಡಿದು ಕಡ್ಡಿ ಸರಿಸಿದಾಗ, ಮಾತ್ರ 6 ಒಳಗಿಂದಲೇ ಅರ್ಥ್ ಆಗುತ್ತದೆ. ಇದನ್ನು ಅರಿಯದೆ ವೈರಿಂಗ್ ಮಾಡಿದ ಗಾಡಿಗಳೇ ಹೆಚ್ಚಿನ ತಲೆನೋವು.

ಈ 6ನೇ ವೈರು ಯಾಕೆ ಬೇಕು? ಓವರ್‌ಡ್ರೈವಿನಲ್ಲಿ ಓಡುವಾಗ ಎಂಜಿನ್ನಿನ ಜಗ್ಗಾಟವೆಲ್ಲ ಆ ಚಿಲಕದ ಮೇಲೆ ಬಿದ್ದಿರುತ್ತದೆ. ಕರೆಂಟ್ ತೆಗೆದರೂ ಸ್ಪ್ರಿಂಗಿಗೆ ಅದನ್ನು ಹಿಂದಕ್ಕೆ ಎಳೆಯಲು ಬರುವುದಿಲ್ಲ, ಭಾರ ಹೊತ್ತ ಬಾಗಿಲಿನ ಚಿಲಕ ಜಾರದ ಹಾಗೆ. ಓವರ್‌ಟೇಕ್ ಮಾಡಲು ಪೆಡಲ್ ಪೂರಾ ತುಳಿದಾಗ ಮೊದಲ ಜೋಡಿ ಬಿಟ್ಟು ಸೊಲೆನಾಯ್ಡಿನ ಕರೆಂಟ್ ಹೋಗುತ್ತದೆ, ಎರಡನೇ ಜೋಡಿ ಕೂಡಿ 6ರ ಮೂಲಕ ಇಗ್ನಿಷನ್ನಿಗೆ ಅರ್ಥ್ ಸಿಗುತ್ತದೆ. ಎಂಜಿನ್ ಒಂದೆರಡು ಕಿಡಿ ತಪ್ಪುತ್ತದೆ, ಚಿಲಕದ ಮೇಲಿನ ಭಾರ ಕ್ಷಣ ಸಡಿಲುತ್ತದೆ, ಸ್ಪ್ರಿಂಗ್ ಅದನ್ನು ಎಳೆದುಕೊಳ್ಳುತ್ತದೆ. ಚಿಲಕ ಹಿಂದೆ ಸರಿದ ಕೂಡಲೇ 6ರ ಅರ್ಥ್ ತಾನೇ ಕಡಿದು ಕಿಡಿ ಮರಳಿ ಬರುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ. ಸರಿಯಿದ್ದ ಗಾಡಿಯಲ್ಲಿ ಡ್ರೈವರಿಗೆ ಒಂದು ಸಣ್ಣ ತಡವರಿಕೆ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆಗೆ ಮುಂಚೆ

ಗಾಡಿ 6 ವೋಲ್ಟೋ 12 ವೋಲ್ಟೋ ಮೊದಲು ಖಾತ್ರಿ ಮಾಡಿಕೊಳ್ಳಿ. ಷೆವ್ರೊಲೆ 1955ರಲ್ಲಿ, ಫೋರ್ಡ್ 1956ರಲ್ಲಿ 12 ವೋಲ್ಟಿಗೆ ಬಂದವು. ಅದಕ್ಕಿಂತ ಹಳೆಯ ಗಾಡಿಗೆ ನಮ್ಮಲ್ಲಿ 6 ವೋಲ್ಟ್ ಬ್ಯಾಟರಿ ಸಿಗುವ ತ್ರಾಸಿಗೆ 12 ಹಾಕಿಸಿದ್ದರೆ ಅಚ್ಚರಿಯಿಲ್ಲ. ಹಾಗೆ ಬದಲಿಸುವಾಗ ಬಲ್ಬು, ಡೈನಮೋ, ಇಗ್ನಿಷನ್ ಕಾಯಿಲ್ ಎಲ್ಲ ನೆನಪಾಗುತ್ತವೆ, ಗಾಡಿಯ ಹೊಟ್ಟೆಯ ಕೆಳಗಿನ ಸೊಲೆನಾಯ್ಡ್ ಮರೆತುಹೋಗುತ್ತದೆ. 6 ವೋಲ್ಟಿನ ಸೊಲೆನಾಯ್ಡಿಗೆ 12 ಕೊಟ್ಟರೆ ಕೆಲಸ ಮಾಡುತ್ತದೆ, ಅದೇ ಮೋಸ. ಅದರೊಳಗೆ ಎರಡು ಕಾಯಿಲ್: ಎಳೆಯುವ ದಪ್ಪ ಕಾಯಿಲ್ ಕ್ಷಣ ಮಾತ್ರ 20 ಆಂಪಿಯರ್ ಆಸುಪಾಸು ಎಳೆದು ಬಿಡುತ್ತದೆ, ಆಮೇಲೆ ಹಿಡಿದಿಡುವ ಸಣ್ಣ ಕಾಯಿಲ್ ಸುಮಾರು 1 ಆಂಪಿಯರಿನಲ್ಲಿ ಹಿಡಿದಿರುತ್ತದೆ. 6 ವೋಲ್ಟಿನಲ್ಲಿ ಆ ಸಣ್ಣ ಕಾಯಿಲಿನ ಬಿಸಿ 6 ವ್ಯಾಟ್. ವೋಲ್ಟೇಜ್ ಇಮ್ಮಡಿಯಾದರೆ ಕರೆಂಟೂ ಇಮ್ಮಡಿ, ಬಿಸಿ 24 ವ್ಯಾಟ್. ಗದಗಿನ ದಾರಿಯಲ್ಲಿ ಒಂದು ಗಂಟೆ ಓವರ್‌ಡ್ರೈವಿನಲ್ಲಿ ಓಡಿದರೆ ವಾರ್ನಿಷ್ ಸುಟ್ಟ ವಾಸನೆ ಬರತೊಡಗುತ್ತದೆ.

ನಡುವೆ ಒಂದು ರೆಸಿಸ್ಟರ್ ಹಾಕಿದರಾಯಿತು ಎನ್ನುವವರಿದ್ದಾರೆ. ಆಗುವುದಿಲ್ಲ. ಹಿಡಿದಿಡುವ ಕಾಯಿಲಿಗೆ 6 ವೋಲ್ಟ್ ಇಳಿಸಲು 6 ಓಮ್ ಬೇಕು, ಆ 6 ಓಮಿನ ಮೂಲಕ ಎಳೆಯುವ ಕಾಯಿಲಿಗೆ ಹೆಚ್ಚೆಂದರೆ 2 ಆಂಪಿಯರ್ ದಾಟೀತು. ಸೊಲೆನಾಯ್ಡ್ ಅಲುಗುವುದೂ ಇಲ್ಲ. 12 ವೋಲ್ಟಿನ ಸೊಲೆನಾಯ್ಡ್, 12 ವೋಲ್ಟಿನ ರಿಲೇ ಎರಡೂ ಹಾಕಬೇಕು. ಗವರ್ನರ್, ಕಿಕ್‌ಡೌನ್ ಸ್ವಿಚ್ ಬರೀ ಪಾಯಿಂಟುಗಳಾದ್ದರಿಂದ ಹಳೆಯವೇ ನಡೆಯುತ್ತವೆ.

ಹಳೇ 6 ವೋಲ್ಟಿನ ಫೋರ್ಡುಗಳಲ್ಲಿ ಗಾಡಿಯ ಬಾಡಿಗೆ (ಲೋಹದ ಮೈಗೆ) ಪ್ಲಸ್ ಅರ್ಥ್. ಸೊಲೆನಾಯ್ಡಿಗೂ ಹಳೇ ರಿಲೇಗೂ ಪ್ಲಸ್ ಮೈನಸ್ ಲೆಕ್ಕವಿಲ್ಲ. ಮುಂದೆ ‘ಲೈವ್’ ಎಂದಾಗಲೆಲ್ಲ ಬ್ಯಾಟರಿಯಲ್ಲಿ ಬಾಡಿಗೆ ಸೇರದ ತುದಿ ಎಂದು ತಿಳಿಯಿರಿ.

ನಿಂತ ಗಾಡಿಯಲ್ಲಿ ಮೊದಲ ಪರೀಕ್ಷೆ

ಗಾಡಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಡ್ಯಾಶ್ ಕೆಳಗಿನ ಓವರ್‌ಡ್ರೈವ್ ನಾಬ್ ಒಳಗೆ ದೂಡಿರಲಿ (ಹೊರಗೆಳೆದರೆ ಓವರ್‌ಡ್ರೈವ್ ಬಂದ್). ಎಂಜಿನ್ ಬಂದ್, ಕೀಲಿ ಆನ್. ಕೀಲಿ ಆನ್ ಇಟ್ಟು ಬಹಳ ಹೊತ್ತು ಬಿಡಬೇಡಿ. ಡಿಸ್ಟ್ರಿಬ್ಯೂಟರ್ ಪಾಯಿಂಟು ಕೂಡಿ ನಿಂತಿದ್ದರೆ ಇಗ್ನಿಷನ್ ಕಾಯಿಲ್ ಬಿಸಿಯಾಗುತ್ತದೆ. ಒಮ್ಮೆಗೆ ಎರಡು ನಿಮಿಷ ಸಾಕು.

ಗವರ್ನರಿನ ವೈರು ಕಳಚಿ ಅದರ ತುದಿಯನ್ನು ಡಬ್ಬಿಯ ಬರಿ ಲೋಹಕ್ಕೆ ಮುಟ್ಟಿಸಿ. ಎರಡು ಸದ್ದು ಕೇಳಬೇಕು: ಬಾನೆಟ್ ಕಡೆಯಿಂದ ರಿಲೇಯ ‘ಟಿಕ್’, ಕೆಳಗಿನಿಂದ ಸೊಲೆನಾಯ್ಡಿನ ‘ಠಕ್’. ಎರಡೂ ಬೇರೆ ಬೇರೆ ಸದ್ದು, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಡ್ಯಾಶಿನಲ್ಲಿ ಆಂಪಿಯರ್ ಮೀಟರ್ ಇದ್ದರೆ ಇನ್ನೊಬ್ಬರನ್ನು ಅದರ ಮುಂದೆ ಕೂರಿಸಿ. ಮುಟ್ಟಿಸಿದ ಕ್ಷಣ ಮುಳ್ಳು ಡಿಸ್ಚಾರ್ಜ್ ಕಡೆಗೆ ಒಮ್ಮೆ ಜೋರಾಗಿ ಬಡಿದು ತಕ್ಷಣ ಸೊನ್ನೆಯ ಹತ್ತಿರ ಮರಳಬೇಕು. ಬಡಿದು ಅಲ್ಲೇ ನಿಂತರೆ ವೈರು ತೆಗೆದುಬಿಡಿ. ಎಳೆಯುವ ಕಾಯಿಲನ್ನು ಕಡಿಯಬೇಕಾದ ಒಳಗಿನ ಪಾಯಿಂಟು ಬಿಡುತ್ತಿಲ್ಲ, ಫ್ಯೂಸ್ ಹೋಗುತ್ತದೆ, ಇಲ್ಲವೇ ಕಾಯಿಲ್ ಹೋಗುತ್ತದೆ. ಮುಳ್ಳು ಬಡಿಯದೆ ಸ್ವಲ್ಪ ಮಾತ್ರ ಅಲುಗಿ ನಿಂತರೆ ಸಣ್ಣ ಕಾಯಿಲಿಗಷ್ಟೇ ಕರೆಂಟ್ ಹೋಗುತ್ತಿದೆ. ಅದೇ ಪಾಯಿಂಟು ಈಗ ಕೊಳೆ ಹಿಡಿದು ಕೂಡುತ್ತಿಲ್ಲ.

ಎರಡು ಸದ್ದೂ ಬಂದವೆಂದರೆ ಫ್ಯೂಸ್, ರಿಲೇ, ಕಿಕ್‌ಡೌನಿನ ಮೊದಲ ಜೋಡಿ, ಸೊಲೆನಾಯ್ಡ್, ಅಷ್ಟು ವೈರಿಂಗ್ ಎಲ್ಲ ಒಂದೇ ಏಟಿಗೆ ಪಾಸ್. ಉಳಿದದ್ದು ಗವರ್ನರ್, ಇಲ್ಲವೇ ಡಬ್ಬಿಯೊಳಗಿನ ಯಂತ್ರ. ಬರೀ ‘ಟಿಕ್’ ಬಂದು ‘ಠಕ್’ ಬರದಿದ್ದರೆ ಫ್ಯೂಸ್, ರಿಲೇಯ ಪಾಯಿಂಟು, ದಪ್ಪ ವೈರು, ಸೊಲೆನಾಯ್ಡ್. ಎರಡೂ ಬರದಿದ್ದರೆ ರಿಲೇ ಕಾಯಿಲಿಗೆ ಕರೆಂಟ್ ಬರುತ್ತಿಲ್ಲ ಅಥವಾ ಗವರ್ನರ್ ವೈರು ನಡುವೆ ಎಲ್ಲೋ ಕಡಿದಿದೆ. ಕೆಲವು ಗಾಡಿಗಳಲ್ಲಿ ಈ ವೈರು ಡಬ್ಬಿಯ ಮೇಲಿನ ಲಾಕ್‌ಔಟ್ ಸ್ವಿಚ್ ದಾಟಿ ಹೋಗುತ್ತದೆ. ನಾಬ್ ಹೊರಗೆಳೆದಾಗ, ರಿವರ್ಸ್ ಹಾಕಿದಾಗ ಕಡಿಯುವ ಸ್ವಿಚ್ಚದು. ಅದನ್ನೂ ನೋಡಿ.

ಇದೇ ಸ್ಥಿತಿಯಲ್ಲಿ, ವೈರು ಮುಟ್ಟಿಸಿ ಹಿಡಿದಿರುವಾಗಲೇ, ಕಿಕ್‌ಡೌನ್ ಸ್ವಿಚ್ಚಿನ ಕಡ್ಡಿಯನ್ನು ಬೆರಳಿಂದ ಒತ್ತಿಸಿ. ಸೊಲೆನಾಯ್ಡ್ ಬಿಡಬೇಕು. ಕೈ ತೆಗೆದರೆ ಮತ್ತೆ ಎಳೆಯಬೇಕು.

6ರ ಪರೀಕ್ಷೆ ಬೇರೆ. 6ರ ವೈರು ಕಳಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಲೈವಿಗೆ, ಇನ್ನೊಂದು 6ಕ್ಕೆ. ಸೊಲೆನಾಯ್ಡ್ ಎಳೆದಾಗ ಉರಿಯಬೇಕು, ಬಿಟ್ಟಾಗ ಆರಬೇಕು. ಸದಾ ಉರಿದರೂ ತಪ್ಪು, ಎಂದೂ ಉರಿಯದಿದ್ದರೂ ತಪ್ಪು. 6 ವೋಲ್ಟಿನ ಗಾಡಿಗೆ 6 ವೋಲ್ಟಿನ ಬಲ್ಬನ್ನೇ ಹಿಡಿಯಿರಿ. 12ರದು ಮಂಕಾಗಿ ಉರಿದು ದಾರಿ ತಪ್ಪಿಸುತ್ತದೆ.

ಗವರ್ನರ್ ವೈರನ್ನು ಖಾಯಂ ಆಗಿ ಗಾಡಿಯ ಮೈಗೆ ಕಟ್ಟಿಕೊಂಡು ಗಾಡಿ ಓಡಿಸಬಾರದು. ಗಾಡಿ ನಿಂತಾಗಲೂ ಚಿಲಕ ಒಳಗೇ ಇರುತ್ತದೆ, ಆಗ ರಿವರ್ಸ್ ಹಾಕಿದರೆ ಏನಾಗುತ್ತದೆ ಎಂಬುದು ಕೆಳಗಿದೆ.

ಅರ್ಥಿಂಗ್

ಇದೊಂದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕು. ಈ ವೈರಿಂಗಿನಲ್ಲಿ ಗವರ್ನರಿಗೂ ಸೊಲೆನಾಯ್ಡಿಗೂ ಪ್ರತ್ಯೇಕ ಅರ್ಥ್ ವೈರಿಲ್ಲ, ಎರಡೂ ಡಬ್ಬಿಯ ಮೈಯನ್ನೇ ನೆಚ್ಚಿವೆ. ಡಬ್ಬಿಯೋ ರಬ್ಬರ್ ಮೌಂಟಿನ ಮೇಲೆ ಕೂತಿದೆ. ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ತುಕ್ಕು ಹಿಡಿದಿದ್ದರೆ ಅಥವಾ ಯಾರೋ ಕ್ಲಚ್ ಪ್ಲೇಟ್ ಬದಲಿಸುವಾಗ ಬಿಚ್ಚಿ ಮರೆತಿದ್ದರೆ, ಕರೆಂಟ್ ಮರಳಲು ಸಿಗುವ ದಾರಿ ಆಕ್ಸಿಲೇಟರ್ ಲಿಂಕು, ಚೋಕ್ ಕೇಬಲ್, ಇಂಥವು. ಚೋಕ್ ಕೇಬಲ್ ಬಿಸಿಯಾಗುತ್ತಿದ್ದರೆ ಬೇರೆ ಪುರಾವೆ ಬೇಡ.

ರಿಸ್ಟೋರ್ ಮಾಡಿದ ಗಾಡಿಗಳಲ್ಲಿ ಇನ್ನೊಂದು. ಡಬ್ಬಿಗೆ ಬಣ್ಣ, ಸೊಲೆನಾಯ್ಡಿಗೆ ಬಣ್ಣ, ನಡುವೆ ಪ್ಯಾಕಿಂಗ್, ಬೋಲ್ಟಿನ ತಲೆಗೂ ಬಣ್ಣ. ನೋಡಲು ಛಂದ, ಕರೆಂಟಿಗೆ ದಾರಿಯಿಲ್ಲ. ಬೋಲ್ಟಿನ ತಲೆ ಕೂರುವ ಜಾಗವನ್ನು ಹೊಳೆಯುವ ತನಕ ಕೆರೆದು ಸ್ಟಾರ್ ವಾಷರ್ ಹಾಕಬೇಕು. ಗವರ್ನರಿನ ಎಳೆಗಳಿಗೆ ಎಣ್ಣೆ ಸೋರದಿರಲೆಂದು ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತುವುದೂ ಉಂಟು. ಆ ಟೇಪ್ ಅರ್ಥನ್ನೂ ತಡೆಯುತ್ತದೆ. ಸೋರಿಕೆಗೆ ತಾಮ್ರದ ವಾಷರ್ ಹಾಕಿ.

ಅಳತೆ ಹೀಗೆ: ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿಯ ಅರ್ಥ್ ತುದಿಗೆ, ಇನ್ನೊಂದು ಸೊಲೆನಾಯ್ಡಿನ ಮೈಗೆ. ಹಿಡಿದಿಡುವ 1 ಆಂಪಿಯರಿಗೆ ಏನೂ ಕಾಣದಿರಬಹುದು, ಎಳೆಯುವ ಕ್ಷಣದ ಜಿಗಿತ ನೋಡಬೇಕು. 0.2 ವೋಲ್ಟ್ ದಾಟಿದರೆ ಅರ್ಥ್ ಸರಿಯಿಲ್ಲ. 12 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೂ ಕೆಲಸ ನಡೆದೀತು, 6ರಲ್ಲಿ ಅರ್ಧ ವೋಲ್ಟ್ ಎಂದರೆ ಹನ್ನೆರಡನೇ ಒಂದು ಪಾಲು. ಗ್ಯಾರೇಜಿನಲ್ಲಿ ತಣ್ಣಗೆ ಕೆಲಸ ಮಾಡಿ, ಎಂಜಿನ್ ಕಾದ ಮೇಲೆ ಎಳೆಯದ ಸೊಲೆನಾಯ್ಡಿನ ಕಥೆ ಹೆಚ್ಚಾಗಿ ಇದೇ.

ದಪ್ಪ ವೈರಿಗೂ ಇದೇ ಲೆಕ್ಕ. ಬ್ಯಾಟರಿಯಿಂದ ರಿಲೇ, ರಿಲೇಯಿಂದ ಸೊಲೆನಾಯ್ಡ್ ಒಟ್ಟು 3 ಮೀಟರ್ ಇದ್ದರೆ, 20 ಆಂಪಿಯರಿಗೆ 2.5 ಚದರ ಮಿಲಿಮೀಟರ್ ವೈರಿನಲ್ಲಿ 0.4 ವೋಲ್ಟಿಗಿಂತ ಹೆಚ್ಚು ಕರಗಿಹೋಗುತ್ತದೆ. 4 ಚದರ ಮಿಲಿಮೀಟರಿನಲ್ಲಿ 0.3ರೊಳಗೆ. 6 ವೋಲ್ಟಿನ ಗಾಡಿಗೆ 4ಕ್ಕಿಂತ ಸಣ್ಣದು ಹಾಕಬೇಡಿ. 12ಕ್ಕೆ 2.5 ಸಾಕು. ಗವರ್ನರ್, ಕಿಕ್‌ಡೌನ್ ವೈರುಗಳಿಗೆ 1.5 ಧಾರಾಳ. ಮನೆ ವೈರಿಂಗಿನ ಗಟ್ಟಿ ತಂತಿ ಬೇಡ, ಅಲುಗಾಟಕ್ಕೆ ಟರ್ಮಿನಲ್ ಬುಡದಲ್ಲೇ ಮುರಿಯುತ್ತದೆ. ಸೈಲೆನ್ಸರ್ ಪೈಪಿನಿಂದ ದೂರ ಹಾಯಿಸಿ ಕ್ಲಿಪ್ ಹಾಕಿ.

ಲಕ್ಷಣ ಹಿಡಿದು ದೋಷ ಹುಡುಕುವುದು

ನಿಂತ ಗಾಡಿಯಲ್ಲಿ ಕೀಲಿ ತಿರುವಿದ ಕೂಡಲೇ ‘ಠಕ್’ ಎಂದರೆ ಗವರ್ನರ್ ವೈರು ಎಲ್ಲೋ ಬಾಡಿಗೆ ಮುಟ್ಟುತ್ತಿದೆ ಅಥವಾ ಗವರ್ನರ್ ಪಾಯಿಂಟು ಕೂಡಿಯೇ ನಿಂತಿದೆ. ಗವರ್ನರ್ ತುದಿಯಲ್ಲಿ ವೈರು ಕಳಚಿ. ಸದ್ದು ನಿಂತರೆ ದೋಷ ಗವರ್ನರಿನದು, ನಿಲ್ಲದಿದ್ದರೆ ವೈರಿನದು. ಶೇಂಗಾ, ಹತ್ತಿ, ಮೆಣಸಿನಕಾಯಿ ಚೀಲ ಇಡುವ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಚಾಸಿಯ ಮೇಲ್ಭಾಗದಲ್ಲಿ ಕೈಯಾಡಿಸಿ. ಇಲಿ ಹಲ್ಲು ಹಾಕುವುದು ಕಣ್ಣಿಗೆ ಬೀಳದ ಕಡೆಯಲ್ಲೇ.

45 ಮುಟ್ಟಿದ ಕೂಡಲೇ ಎಂಜಿನ್ ಸತ್ತು, ಗಾಡಿ ತಾನೇ ಉರುಳಿ 35ಕ್ಕೆ ಬಂದಾಗ ಮತ್ತೆ ಜೀವ ಬಂದರೆ ಪೆಟ್ರೋಲಿನಲ್ಲಿ ಕಸ ಹುಡುಕುತ್ತ ಕೂರಬೇಡಿ. ಕಿಕ್‌ಡೌನಿನ ಎರಡನೇ ಜೋಡಿ ಅಂಟಿಕೊಂಡಿದೆ, ಇಲ್ಲವೇ ಪೆಡಲ್ ಲಿಂಕಿನ ಸೆಟ್ಟಿಂಗ್ ತಪ್ಪಿ ಸ್ವಿಚ್ ಅರ್ಧ ಒತ್ತಿಕೊಂಡೇ ಇದೆ. ಸೊಲೆನಾಯ್ಡ್ ಎಳೆದಾಗ 6 ಅರ್ಥ್ ಆಯಿತು, ಇಗ್ನಿಷನ್ ಸತ್ತಿತು. ವೇಗ ಇಳಿದಾಗ ಗವರ್ನರ್ ಬಿಟ್ಟಿತು, ಕಿಡಿ ಮರಳಿತು. ದಾರಿಯಲ್ಲೇ ಹೀಗಾದರೆ ಇಗ್ನಿಷನ್ ಕಾಯಿಲಿನ ಮೇಲಿನ ಕಿಕ್‌ಡೌನ್ ವೈರನ್ನು ಕಳಚಿ ಟೇಪ್ ಸುತ್ತಿದರೆ ಮನೆ ಮುಟ್ಟಬಹುದು. ತುಳಿದು ಇಳಿಸುವ ಅನುಕೂಲ ಹೋಗುತ್ತದೆ, ಅಷ್ಟೇ. ವೇಗ 35ಕ್ಕಿಂತ ಕೆಳಗೆ ಬಂದು ಕಾಲು ಎತ್ತಿದರೆ ಇಳಿಯುತ್ತದೆ.

ಪೆಡಲ್ ಪೂರಾ ತುಳಿದಾಗ ಮಾತ್ರ ಎಂಜಿನ್ ಸತ್ತು, ಕಾಲು ಎತ್ತಿದರೆ ಬರುತ್ತದೆಯೇ? 6ರ ವೈರು ಬಾಡಿಗೆ ಮುಟ್ಟಿದೆ ಅಥವಾ ಸೊಲೆನಾಯ್ಡ್ ಒಳಗಿನ 6ರ ಪಾಯಿಂಟು ಬೆಸೆದುಕೊಂಡಿದೆ. ಇದರ ಜೊತೆಗೆ ಓವರ್‌ಡ್ರೈವ್ ಕೂಡ ಎಂದೂ ಬೀಳದಿದ್ದರೆ 4 ಮತ್ತು 6ರ ವೈರು ಅದಲು ಬದಲಾಗಿವೆ. ಕರೆಂಟ್ ಬಿಟ್ಟ ಪಾಯಿಂಟಿಗೆ ಹೋಗಿ ನಿಂತಿದೆ, ಇಗ್ನಿಷನ್ ಕಾಯಿಲ್ ಸೊಲೆನಾಯ್ಡ್ ಕಾಯಿಲಿನ ಮೂಲಕ ಅರ್ಥ್ ಆಗುತ್ತಿದೆ.

ತುಳಿದರೂ ಇಳಿಯದಿದ್ದರೆ ಮೊದಲು ಪೆಡಲ್ ಸ್ವಿಚ್ಚನ್ನು ನಿಜಕ್ಕೂ ಒತ್ತುತ್ತಿದೆಯೇ ನೋಡಿ, ಹೊಸ ದಪ್ಪ ಮ್ಯಾಟ್ ಹಾಕಿದ್ದರೆ ಅದೂ ಸಾಕು ತಡೆಯಲು. ಆಮೇಲೆ 6ರ ಲ್ಯಾಂಪ್ ಪರೀಕ್ಷೆ. ಕಿಕ್‌ಡೌನ್ ವೈರು ಇಗ್ನಿಷನ್ ಕಾಯಿಲಿನ ಪಾಯಿಂಟ್ ಬದಿಗೇ ಇರಬೇಕು. ಕೀಲಿ ಬದಿಗೆ ಹಾಕಿದರೆ ತುಳಿದಾಗಲೆಲ್ಲ ಇಗ್ನಿಷನ್ ಸಪ್ಲೈಯೇ ನೇರ ಶಾರ್ಟ್ ಆಗಿ ವೈರು ಸುಡುತ್ತದೆ. ಸಿಡಿಐ (ಕೆಪಾಸಿಟರಿನಿಂದ ಕಿಡಿ ಕೊಡುವ ಎಲೆಕ್ಟ್ರಾನಿಕ್) ಇಗ್ನಿಷನ್ ಹಾಕಿದ ಗಾಡಿಯಲ್ಲಿ ಈ ವೈರು ಜೋಡಿಸಲೇಬಾರದು.

ಸೊಲೆನಾಯ್ಡ್ ಹೊಲಿಗೆ ಮಷಿನ್ನಿನ ಹಾಗೆ ಟಕಟಕ ಬಡಿಯುತ್ತಿದ್ದರೆ ಹಿಡಿದಿಡುವ ಕಾಯಿಲ್ ಕಡಿದಿದೆ. ದಪ್ಪ ಕಾಯಿಲ್ ಎಳೆಯುತ್ತದೆ, ತಾನೇ ಕಡಿದುಕೊಳ್ಳುತ್ತದೆ, ಹಿಡಿಯುವವರಿಲ್ಲ, ಬೀಳುತ್ತದೆ, ಮತ್ತೆ ಎಳೆಯುತ್ತದೆ. ಬ್ಯಾಟರಿ ಬಹಳ ಸೋತಿದ್ದರೂ ಹೀಗೆ ಬಡಿಯಬಹುದಾದ್ದರಿಂದ ಮೊದಲು ಬ್ಯಾಟರಿ ನೋಡಿ.

ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಗ್ಗೆ ಮಲಗಿದ್ದರೆ ಕೆಳಗೆ ನುಸುಳಿ ಸೊಲೆನಾಯ್ಡ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ರಿಲೇ ಪಾಯಿಂಟು ಬೆಸೆದುಕೊಂಡಿದೆ. ರಿಲೇಯ ದಪ್ಪ ವೈರು ಬ್ಯಾಟರಿಯಿಂದ ನೇರ ಬಂದಿರುವ ಗಾಡಿಯಲ್ಲಿ ಕೀಲಿ ತೆಗೆದರೂ ಕರೆಂಟ್ ಹೋಗುತ್ತಲೇ ಇರುತ್ತದೆ. 1 ಆಂಪಿಯರಿನಂತೆ ಹತ್ತು ಗಂಟೆ ಹೋದರೆ 10 ಆಂಪಿಯರ್-ಅವರ್ ಖಾಲಿ.

ರಿಲೇ ಹಳೆಯದೇ ಬೇಕೆಂಬ ಹಟ ಬೇಡ. 12 ವೋಲ್ಟಿನ ಗಾಡಿಗೆ ಹಾರ್ನಿಗೂ ಹೆಡ್‌ಲೈಟಿಗೂ ಹಾಕುವ ನಾಲ್ಕು ಪಿನ್ನಿನ 30 ಆಂಪಿಯರ್ ರಿಲೇ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. 30ನೇ ಪಿನ್ನಿಗೆ ಫ್ಯೂಸ್ ದಾಟಿದ ಬ್ಯಾಟರಿ, 87ಕ್ಕೆ ಸೊಲೆನಾಯ್ಡಿನ 4, 86ಕ್ಕೆ ಕೀಲಿ, 85ಕ್ಕೆ ಕಿಕ್‌ಡೌನ್ ಮೂಲಕ ಗವರ್ನರ್. ಹಳೇ ರಿಲೇಯ ಟೊಪ್ಪಿಗೆಯೊಳಗೆ ಅಡಗಿಸಿದರೆ ಬಾನೆಟ್ ತೆರೆದವರಿಗೂ ಗೊತ್ತಾಗದು. ಒಳಗೆ ಡಯೋಡ್ ಇರುವ ರಿಲೇಯಾದರೆ 85-86 ಅದಲುಬದಲಾಗಬಾರದು. ಫ್ಯೂಸ್ ಹೋದಾಗ ಸಿಗರೇಟ್ ಪಾಕೀಟಿನ ಬೇಗಡೆ ಸುತ್ತುವ ಅಭ್ಯಾಸವಿದ್ದವರು ಇಲ್ಲಿ ಸೊಲೆನಾಯ್ಡಿನ ಬೆಲೆ ನೆನಪಿಡಲಿ.

ಗವರ್ನರ್

ನಿಂತ ಪರೀಕ್ಷೆ ಪಾಸಾಗಿ ರಸ್ತೆಯಲ್ಲಿ ಬೀಳದಿದ್ದರೆ ಗವರ್ನರ್ ಮೇಲೆ ಅನುಮಾನ. ಅದರ ವೈರು ಕಳಚಿಟ್ಟು, ಟರ್ಮಿನಲ್ಲಿನಿಂದ ಒಂದು ಉದ್ದ ವೈರು ಕ್ಯಾಬಿನ್ನಿಗೆ ತಂದು ಟೆಸ್ಟ್ ಲ್ಯಾಂಪಿಗೆ, ಲ್ಯಾಂಪಿನ ಇನ್ನೊಂದು ತುದಿ ಲೈವಿಗೆ. ಗಾಡಿ ಓಡಿಸಿ. 45ರ ಹತ್ತಿರ ದೀಪ ಹತ್ತಬೇಕು, ಇಳಿಯುವಾಗ 35ರ ಹತ್ತಿರ ಆರಬೇಕು. ಮಿಣಮಿಣ ಅನ್ನಬಾರದು. ಹಿಂದಿನ ಚಕ್ರ ಜ್ಯಾಕ್ ಮೇಲೆ ಎತ್ತಿ ಗೇರಿನಲ್ಲಿ ಓಡಿಸಿ ನೋಡುವುದಕ್ಕಿಂತ ಇದು ಎಷ್ಟೋ ಸುರಕ್ಷಿತ.

ದೀಪ ಹತ್ತದಿದ್ದರೆ ಮುಚ್ಚಳ ತೆಗೆಯಿರಿ. ಒಳಗೆ ಎರಡು ಪುಟ್ಟ ಪಾಯಿಂಟು. ಕೆಟ್ಟವು ಅಡಿಗೆ ಒಲೆಯ ಮಸಿ ಬಣ್ಣಕ್ಕೆ ತಿರುಗಿರುತ್ತವೆ, ಉಗುರಿನಿಂದ ಕೆರೆದರೆ ಕರಿ ಪುಡಿ. ಎಮರಿ ಕಾಗದ ಉಜ್ಜಬೇಡಿ, ಅದರ ಹರಳು ಪಾಯಿಂಟಿನಲ್ಲಿ ಸಿಕ್ಕಿಕೊಂಡು ಇನ್ನಷ್ಟು ತಡೆಯುತ್ತದೆ. ದಪ್ಪ ಬಿಳಿ ಕಾಗದದ ಪಟ್ಟಿಗೆ ಪೆಟ್ರೋಲ್ ಸೋಕಿಸಿ ಪಾಯಿಂಟುಗಳ ನಡುವೆ ಇಟ್ಟು ಮೆಲ್ಲಗೆ ಎಳೆಯಿರಿ. ಕಾಗದ ಕಪ್ಪಾಗುವುದು ನಿಲ್ಲುವ ತನಕ. ಒಳಗೆ ಎಣ್ಣೆ ತುಂಬಿದ್ದರೆ ಸೀಲ್ ಹೋಗಿದೆ, ಒರೆಸಿಟ್ಟರೆ ಮತ್ತೆ ತುಂಬುತ್ತದೆ.

ಕರೆಂಟೆಲ್ಲ ಸರಿ, ಆದರೂ ಬೀಳುತ್ತಿಲ್ಲ

ಮೊದಲ ಪ್ರಶ್ನೆ ಡ್ರೈವರಿಗೆ: 45 ದಾಟಿದ ಮೇಲೆ ಕಾಲು ಎತ್ತಿದಿರಾ? ಸೊಲೆನಾಯ್ಡ್ ಎಳೆದರೂ ತಡೆ ರಿಂಗ್ ಒಂದು ಚಿಲಕಕ್ಕೆ ಅಡ್ಡ ನಿಂತಿರುತ್ತದೆ. ಕಾಲು ಎತ್ತಿ ಒಂದು ಕ್ಷಣ ಎಂಜಿನ್ ನಿಧಾನವಾದಾಗ ಮಾತ್ರ ಅದು ಸರಿದು ದಾರಿ ಬಿಡುತ್ತದೆ. ಪೆಡಲ್ ಒತ್ತಿಯೇ ಹಿಡಿದರೆ ಗದಗಿನ ತನಕವೂ ಬೀಳುವುದಿಲ್ಲ. ತಿರುಗು ಮುರುಗಾಗಿ, ಕಾಲು ಎತ್ತದೆಯೇ ಧಡ್ ಎಂದು ಬೀಳುತ್ತಿದ್ದರೆ ತಡೆ ರಿಂಗ್ ಸಡಿಲಾಗಿದೆ. ಅದು ಡಬ್ಬಿ ಬಿಚ್ಚುವ ಕೆಲಸವೇ.

ನಾಬ್ ಒಳಗಿದ್ದಾಗ ಎಂಜಿನ್ ಕೂಗಿ ಗಾಡಿ ಜಾರುತ್ತದೆ, ನಾಬ್ ಹೊರಗೆಳೆದರೆ ಸರಿ ಎಳೆಯುತ್ತದೆ ಎಂದರೆ ಫ್ರೀವೀಲ್ ರೋಲರ್ ಸವೆದಿವೆ.

ಅದಕ್ಕೂ ಮುಂಚೆ ಕೇಬಲ್ ನೋಡಿ. ನಾಬ್ ಒಳಗೆ ದೂಡಿದಾಗ ಡಬ್ಬಿಯ ಬದಿಯ ಲಿವರ್ ತನ್ನ ತುದಿ ಮುಟ್ಟಬೇಕು, ನಾಬ್ ಮಾತ್ರ ಡ್ಯಾಶಿನಿಂದ ಕಾಲಿಂಚು ದೂರ ಉಳಿಯಬೇಕು. ಆ ಕಾಲಿಂಚು ಇಲ್ಲದಿದ್ದರೆ ಲಿವರ್ ತುದಿ ಮುಟ್ಟುವ ಮುಂಚೆ ನಾಬ್ ಡ್ಯಾಶಿಗೆ ಬಡಿದು ನಿಲ್ಲುತ್ತದೆ, ಒಳಗಿನ ಹಲ್ಲುಗಳು ಅತ್ತ ಇತ್ತ ಎರಡೂ ಆಗದೆ ಗರಗರ ಉಜ್ಜುತ್ತವೆ. ನಮ್ಮ ಎರಿಮಣ್ಣು ಮಳೆಗಾಲದಲ್ಲಿ ಲಿವರ್ ಸುತ್ತ ಮೆತ್ತಿ ಬೇಸಿಗೆಗೆ ಕಲ್ಲಾಗುತ್ತದೆ. ಕೇಬಲ್ ಸೆಟ್ ಮಾಡುವ ಮುಂಚೆ ಅದನ್ನು ನೆನೆಸಿ ತೊಳೆಯಬೇಕು.

ಎಣ್ಣೆಗೆ ಡಬ್ಬಿಯಲ್ಲೊಂದು, ಓವರ್‌ಡ್ರೈವಿನಲ್ಲೊಂದು ಬೇರೆ ಬೇರೆ ಪ್ಲಗ್ ಇರುತ್ತವೆ. ಒಂದನ್ನೇ ನೋಡಿ ಬಿಡಬೇಡಿ. ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಿತ್ತಾಳೆ-ಕಂಚಿನ ಭಾಗಗಳಿಗೆ ಒಳ್ಳೆಯದಲ್ಲ.

ರಿವರ್ಸ್ ಎಂಬ ಅಪಾಯ

ಬಿದ್ದ ಓವರ್‌ಡ್ರೈವ್ ಏಳದಿದ್ದರೆ ಗಾಡಿ ನಿಲ್ಲಿಸಿ ಏನೂ ಮಾಡುವ ಮುಂಚೆ ನ್ಯೂಟ್ರಲಿನಲ್ಲಿಟ್ಟು ಕೈಯಿಂದ ಹಿಂದಕ್ಕೆ ದೂಡಿ ನೋಡಿ. ಮುಂದಕ್ಕೆ ಉರುಳಿ ಹಿಂದಕ್ಕೆ ಕಲ್ಲಿಗೆ ಒರಗಿದಂತೆ ನಿಂತರೆ ಚಿಲಕ ಒಳಗೇ ಇದೆ. ಹಿಂದಕ್ಕೆ ತಿರುಗಿದಾಗ ಫ್ರೀವೀಲ್ ಬಿಗಿಯುತ್ತದೆ, ಚಿಲಕವೂ ಬಿಗಿದಿದೆ, ಎರಡೂ ಸೇರಿ ಒಂದನ್ನೊಂದು ಮುರಿಯುತ್ತವೆ. ಈ ಸ್ಥಿತಿಯಲ್ಲಿ ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಅರ್ಧ ಗಂಟೆಯ ಕೆಲಸ ನಿಜವಾಗಿಯೂ ಗೇರ್‌ಬಾಕ್ಸ್ ಇಳಿಸುವ ಕೆಲಸವಾಗುತ್ತದೆ. ನಾಬನ್ನೂ ಜೋರಾಗಿ ಎಳೆಯಬೇಡಿ, ಕೇಬಲ್ ಹರಿಯುತ್ತದೆ. 4ರ ವೈರು ಕಳಚಿ, ಗಾಡಿಯನ್ನು ಸ್ವಲ್ಪ ಮುಂದಕ್ಕೆ ಉರುಳಿಸಿ ಭಾರ ತಗ್ಗಿಸಿ. ಹೆಚ್ಚಾಗಿ ‘ಠಕ್’ ಎಂದು ಬಿಡುತ್ತದೆ. ಬಿಡದಿದ್ದರೆ ಸೊಲೆನಾಯ್ಡ್ ಬಿಚ್ಚಬೇಕು.

ಬಿಚ್ಚುವುದಕ್ಕೂ ಒಂದು ಗುಟ್ಟಿದೆ. ಎರಡು ಬೋಲ್ಟ್ ತೆಗೆದ ಮೇಲೆ ನೇರ ಎಳೆದರೆ ಬರುವುದಿಲ್ಲ, ಅದರ ಕಡ್ಡಿಯ ತಲೆ ಚಿಲಕದ ಸೀಳಿನಲ್ಲಿ ಸಿಕ್ಕಿರುತ್ತದೆ. ಕಾಲು ಸುತ್ತು ತಿರುಗಿಸಿ ಎಳೆಯಬೇಕು. ಮರಳಿ ಕೂರಿಸುವಾಗ ಅದೇ ಕಾಲು ಸುತ್ತು ತಿರುಗಿಸಿ ದೂಡಿ, ಬೋಲ್ಟಿನ ತೂತಿಗೆ ತಿರುವಿ, ಬೋಲ್ಟ್ ಹಾಕುವ ಮುಂಚೆ ಒಮ್ಮೆ ಹೊರಗೆ ಜಗ್ಗಿ ನೋಡಬೇಕು. ಸುಮ್ಮನೆ ಕೈಗೆ ಬಂದರೆ ತಲೆ ಸಿಕ್ಕಿಲ್ಲ. ಹಾಗೇ ಬೋಲ್ಟ್ ಬಿಗಿದರೆ ಓವರ್‌ಡ್ರೈವ್ ಬೀಳುತ್ತದೆ, ಆದರೆ ಚಿಲಕವನ್ನು ಹಿಂದಕ್ಕೆ ಎಳೆಯುವವರೇ ಇರುವುದಿಲ್ಲ. ಹೊಸ ಸೊಲೆನಾಯ್ಡ್ ಹಾಕಿದ ಮೇಲೆ ಶುರುವಾದ ರಿವರ್ಸ್ ತೊಂದರೆಗೆ ಇದೇ ಮೊದಲ ಅನುಮಾನ.

ರಸ್ತೆ ಪರೀಕ್ಷೆ

ಹುಬ್ಬಳ್ಳಿ-ಧಾರವಾಡ ನಡುವಿನ ಪಿ.ಬಿ. ರಸ್ತೆ ಇದಕ್ಕೆ ಒಗ್ಗುವುದಿಲ್ಲ, ಸಿಗ್ನಲ್ ಸಿಗ್ನಲಿಗೆ ನಿಲ್ಲಬೇಕು. ಅಣ್ಣಿಗೇರಿ, ಹುಲಕೋಟಿ ಕಡೆಯ ಗದಗ ರಸ್ತೆ ಸಮತಟ್ಟು. ಮೂರನೇ ಗೇರಿನಲ್ಲಿ 50ಕ್ಕೆ ಒಯ್ದು ಕಾಲು ಎತ್ತಿ, ಎರಡು ಎಣಿಸಿ, ಮತ್ತೆ ಒತ್ತಿ. ಎಂಜಿನ್ ಸದ್ದು ಒಂದು ಮೆಟ್ಟಿಲು ಇಳಿದಿರಬೇಕು. 55ರಲ್ಲಿ ಪೂರಾ ತುಳಿದು ಇಳಿಸಿ ನೋಡಿ. ಆಮೇಲೆ 30ಕ್ಕೆ ಇಳಿಸಿ ಕಾಲು ಎತ್ತಿದರೆ ಗಾಡಿ ಎಂಜಿನ್ ಬ್ರೇಕ್ ಇಲ್ಲದೆ ಸೈಕಲ್ಲಿನಂತೆ ಉರುಳಬೇಕು. ಅದು ದೋಷವಲ್ಲ, ಫ್ರೀವೀಲ್. ಹಾಗಾಗಿ ಅಂಕೋಲಾ ಕಡೆ ಹೊರಟವರು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಮುಂಚೆಯೇ, ಸಮತಟ್ಟಿನಲ್ಲಿ ಎಂಜಿನ್ ಎಳೆಯುತ್ತಿರುವಾಗ, ನಾಬ್ ಹೊರಗೆ ಎಳೆದುಕೊಳ್ಳಬೇಕು. ಫ್ರೀವೀಲಿನಲ್ಲಿ ಘಟ್ಟ ಇಳಿದರೆ ಇಡೀ ಭಾರ ಹಳೇ ಡ್ರಮ್ ಬ್ರೇಕಿನ ಮೇಲೆ.

ಮರಳಿ ಬಂದು ನಿಲ್ಲಿಸಿದಾಗ ಕೀಲಿ ತೆಗೆಯುವ ಮುಂಚೆ ನ್ಯೂಟ್ರಲಿನಲ್ಲಿ ಹಿಂದಕ್ಕೆ ಒಂದಡಿ ದೂಡಿ ನೋಡಿ, ಕೀಲಿ ತೆಗೆದು ಹತ್ತು ನಿಮಿಷ ಬಿಟ್ಟು ಸೊಲೆನಾಯ್ಡಿನ ಮೇಲೆ ಕೈಯಿಡಿ. ಡಬ್ಬಿಯಷ್ಟೇ ಬಿಸಿ ಇರಬೇಕು, ಅದಕ್ಕಿಂತ ಹೆಚ್ಚಲ್ಲ.